ಓಡಬೇಡಿ, ಮುಚ್ಚಿಡಬೇಡಿ

ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮನು ಯಾರೋ ನಾನರಿಯೆ. ತನ್ನ ಮನೆಯ ಮಹಡಿಯ ಮೇಲೆ ಕುಳಿತು ಕಟ್ಟಿರಬೇಕು. ನಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿ ನಿಂತು ಕಟ್ಟಿರಲಾರ.

ಕಳೆದ ವಾರ ಒಂದು ಸಂಜೆ ಕಾಲೇಜಿನಿಂದ ಮನೆಗೆ ಬರುತ್ತಿದ್ದೆ. ಕಂಕುಳಲ್ಲಿ ಉತ್ತರಪತ್ರಿಕೆಗಳ ಕಟ್ಟು, ಕೈಯಲ್ಲಿ ಕೊಡೆ. ಅಡ್ಡರಸ್ತೆಯ ತಿರುವಿನಲ್ಲಿ, ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಮರಳಿನ ರಾಶಿಯ ಮರೆಯಿಂದ ಕಂದು ಬಣ್ಣದ ನಾಯಿಯೊಂದು ಗುರುಗುಟ್ಟುತ್ತ ಹೊರಬಂದಿತು. ನನ್ನ ಕಾಲುಗಳು ನನ್ನ ಅಪ್ಪಣೆಗೆ ಕಾಯಲಿಲ್ಲ. ಎರಡು ಹೆಜ್ಜೆ ಓಡಿಯೇಬಿಟ್ಟಿದ್ದವು. ಅಷ್ಟರಲ್ಲಿ ಎದುರುಮನೆಗೆ ಹಾಲು ಕೊಡಲು ಬಂದಿದ್ದ ಮುದುಕನು ಕೂಗಿದ:

“ಓಡಬ್ಯಾಡಿ ಮೇಷ್ಟ್ರೇ! ನಿಂತ್ಕಳಿ! ಅದರ ಕಣ್ಣು ನೋಡಬ್ಯಾಡಿ!”

ಹತ್ತು ವರ್ಷಗಳಿಂದ ಇತರರಿಗೆ ಪಾಠ ಹೇಳುತ್ತಿರುವ ನಾನು ಅಂದು ವಿಧೇಯ ವಿದ್ಯಾರ್ಥಿಯಂತೆ ನಿಂತೆ. “ಕೊಡೆ ಎತ್ತಬ್ಯಾಡಿ, ಮುಂದಕ್ಕೆ ಸುಮ್ಕೆ ಹಿಡ್ಕಳಿ. ಮೆಲ್ಲಗೆ ಹಿಂದಕ್ಕೆ ಬನ್ನಿ. ಬೆನ್ನು ಕೊಡಬ್ಯಾಡಿ,” ಎಂದ. ಹಾಗೆಯೇ ಹತ್ತು ಹೆಜ್ಜೆ ಹಿಂದೆ ಸರಿದೆ. ನಾಯಿ ಇದ್ದಲ್ಲಿಯೇ ನಿಂತು, ಇನ್ನೆರಡು ಬಾರಿ ಬೊಗಳಿ, ಮರಳಿನ ಹಿಂದೆ ಮರೆಯಾಯಿತು. “ಮರಿ ಹಾಕೈತೆ ಸ್ವಾಮಿ,” ಎಂದು ಮುದುಕನು ನಕ್ಕ. “ನಿಮ್ಮನ್ನ ಕಚ್ಚಬೇಕು ಅಂತ ಅದಕ್ಕೇನೂ ಇಲ್ಲ. ನೀವು ಅತ್ಲಾಗೆ ಹೋದರೆ ಅಷ್ಟೇ ಸಾಕು.”

ಈ ಮಾತಿನಲ್ಲಿ ದೊಡ್ಡ ಶಾಸ್ತ್ರವೇ ಅಡಗಿದೆ. ಮೇಲೆ ಬೀಳುವ ನಾಯಿಗಳಲ್ಲಿ ಬಹುಪಾಲಿಗೆ ಬೇಕಾದುದು ನಮ್ಮ ಮಾಂಸವಲ್ಲ, ನಮ್ಮ ನಿರ್ಗಮನ. ಮರಿಗಳ ಬಳಿಯಿರುವ ತಾಯಿ, ತಿನ್ನುತ್ತಿರುವ ನಾಯಿ, ನಿದ್ದೆಯಲ್ಲಿ ತುಳಿಸಿಕೊಂಡ ನಾಯಿ, ಗಾಯದಿಂದ ನರಳುವ ನಾಯಿ, ಓಡಲಾರದೆ ಸರಪಣಿಯಲ್ಲಿ ಬಿಗಿದುಕೊಂಡಿರುವ ನಾಯಿ — ಇವು ಐದೂ ಕಚ್ಚುವುದು ಹೆಚ್ಚಾಗಿ ಭಯದಿಂದ. ಕಚ್ಚುವ ಮುನ್ನ ಅವು ಸೂಚನೆಯನ್ನೂ ಕೊಡುತ್ತವೆ: ಮೈ ಕೋಲಿನಂತೆ ಬಿಗಿಯುತ್ತದೆ, ನೋಟ ಒಂದೇ ಕಡೆ ನಾಟುತ್ತದೆ, ತುಟಿ ಮೇಲೆದ್ದು ಹಲ್ಲು ಕಾಣುತ್ತದೆ, ಬೆನ್ನಿನ ಕೂದಲು ನಿಮಿರುತ್ತದೆ. ಬಾಲವಾಡಿಸಿದ ಮಾತ್ರಕ್ಕೆ ಸ್ನೇಹವೆಂದೂ ನಂಬಬಾರದು. ಸಡಿಲವಾದ ಮೈಯೊಡನೆ ತೂಗಾಡುವ ಬಾಲ ಬೇರೆ. ನೆಟ್ಟಗೆ ಎತ್ತಿ ಬಿಗಿಯಾಗಿ ಅಲುಗಿಸುವ ಬಾಲ ಬೇರೆ.

ಓಡುವುದನ್ನು ಕಂಡರೆ ಅಟ್ಟುವುದು ನಾಯಿಯ ಹುಟ್ಟುಗುಣ. ಓಟದಲ್ಲಿ ನಾವು ಅದನ್ನು ಗೆಲ್ಲುವಂತಿಲ್ಲ. ಆದುದರಿಂದ ಕೈಗಳನ್ನು ಮೈಗಂಟಿಸಿ ಮರದಂತೆ ನಿಲ್ಲಬೇಕು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು, ಕಿರುಚಬಾರದು. ಕೈಯಲ್ಲಿರುವ ಚೀಲವನ್ನೋ ಕೊಡೆಯನ್ನೋ ನಡುವೆ ಅಡ್ಡವಾಗಿ ಹಿಡಿದು ಮೆಲ್ಲನೆ ಹಿಂದೆ ಸರಿಯಬೇಕು. ಸೈಕಲ್ಲಿನಲ್ಲಿರುವವರು ಇಳಿದು, ಸೈಕಲ್ಲನ್ನೇ ಅಡ್ಡಗೋಡೆ ಮಾಡಿಕೊಳ್ಳಬೇಕು. ಮೋಟಾರು ಬೈಕಿನವರು ವೇಗ ಹೆಚ್ಚಿಸಿ ಬಿದ್ದು ಮೂಳೆ ಮುರಿದುಕೊಳ್ಳುವುದಕ್ಕಿಂತ ವೇಗ ತಗ್ಗಿಸುವುದೇ ಲೇಸು. ಎಲ್ಲ ಮೀರಿ ನೆಲಕ್ಕೆ ಬಿದ್ದುದಾದರೆ, ಮೊಣಕಾಲುಗಳನ್ನು ಎದೆಗೆ ಮಡಿಸಿ ಉಂಡೆಯಂತಾಗಿ, ಕೈಗಳಿಂದ ಕತ್ತನ್ನೂ ಕಿವಿಗಳನ್ನೂ ಮುಚ್ಚಿಕೊಂಡು ಅಲುಗಾಡದೆ ಇರಬೇಕು.

ಕಲ್ಲು ಹೊಡೆದರೆ ಸಾಲದೇ ಎಂದು ಕೇಳುವವರುಂಟು. ನಾಯಿಗಾಗಿ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಹತ್ತನೆಯ ಶತಮಾನದ ಆತಕೂರು ಶಾಸನವನ್ನು ನೆನೆಯಿರಿ. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನು, ಬೇಕಾದುದನ್ನು ಕೇಳೆಂದಾಗ ಕೇಳಿ ಪಡೆದುದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಂತಿತು. ಅಂಥ ನಾಡಿನಲ್ಲಿ ಇಂದು ಶಾಲೆ ಬಿಟ್ಟ ಹುಡುಗರು ಮಲಗಿದ ನಾಯಿಗೆ ಕಲ್ಲೆಸೆದು ನಗುತ್ತಾರೆ. ಎಸೆದ ಹುಡುಗ ಓಡಿಹೋಗುತ್ತಾನೆ. ನಾಯಿಯ ಸಿಟ್ಟಿಗೆ ಸಿಕ್ಕುವುದು ಹಿಂದಿನಿಂದ ಬರುವ ಪುಟ್ಟ ಮಗು. ಮಹಾಭಾರತದ ಆರಂಭದಲ್ಲಿಯೂ ತಪ್ಪು ಮಾಡದೆ ಹೊಡೆಸಿಕೊಂಡ ನಾಯಿಮರಿಯ ಕತೆಯಿದೆ; ತಾಯಿ ಸರಮೆಯ ಶಾಪಕ್ಕೆ ಜನಮೇಜಯನಂಥ ಅರಸನೂ ಬೆದರಿದನು.

ಇಷ್ಟೆಲ್ಲ ಎಚ್ಚರ ವಹಿಸಿಯೂ ಹಲ್ಲು ನಾಟುವುದುಂಟು. ಆಗ ಓಟಕ್ಕಿಂತಲೂ ಕೆಟ್ಟದೊಂದು ಭಯ ನಮ್ಮನ್ನು ಹಿಡಿಯುತ್ತದೆ: ಮುಚ್ಚಿಡುವ ಭಯ. ಅದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವನಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ, ನಮ್ಮೂರಿನಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು ಓದುತ್ತಿದ್ದ ಗೆಳೆಯನೊಬ್ಬನಿದ್ದ. ಮಾವಿನ ತೋಪಿನಲ್ಲಿ ಮರಿಯೊಂದನ್ನು ಎತ್ತಿಕೊಳ್ಳಲು ಹೋಗಿ ಕೈ ಕಚ್ಚಿಸಿಕೊಂಡ. ಸಾಸಿವೆಯಷ್ಟು ಗಾಯ. “ಯಾರಿಗೂ ಹೇಳಬೇಡ ಕಣೋ, ಅಪ್ಪ ಹೊಡೀತಾರೆ, ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸ್ತಾರೆ,” ಎಂದು ನನ್ನಿಂದ ಆಣೆ ಹಾಕಿಸಿಕೊಂಡ. ನಾನು ಆಣೆ ಮುರಿಯಲಿಲ್ಲ. ಗಾಯ ವಾರದೊಳಗೆ ಮಾಯಿತು. ಎರಡು ತಿಂಗಳಾದ ಮೇಲೆ ಅವನಿಗೆ ಜ್ವರ ಬಂದಿತು. ತಾಯಿ ನೀರು ಕೊಟ್ಟರೆ ಲೋಟವನ್ನು ಕಂಡೇ ಬೆಚ್ಚಿ ನಡುಗಿದನಂತೆ. ಆಗ ನಾನು ಬಾಯಿ ಬಿಟ್ಟೆ. ಆಗ ಬಿಟ್ಟೇನು ಫಲ? ನಾಲ್ಕನೆಯ ದಿನ ಬೆಂಚಿನಲ್ಲಿ ನಾನೊಬ್ಬನೇ ಕುಳಿತಿದ್ದೆ.

ರೇಬೀಸಿನ ವಿಷಾಣು ಗಾಯದಿಂದ ನರಗಳ ಹಾದಿ ಹಿಡಿದು ಮೆದುಳಿಗೆ ನಡೆಯುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುವುದರಿಂದಲೇ ನಮಗೆ ಬದುಕುವ ಅವಕಾಶವಿದೆ. ಆದರೆ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲೂಯಿ ಪಾಶ್ಚರ್ ಮಹಾಶಯರು ಲಸಿಕೆಯ ಚಿಕಿತ್ಸೆಯನ್ನು ಆರಂಭಿಸಿದರು; ಹುಡುಗ ಉಳಿದ. ಅಂದು ಉಳಿದವನಿಗೂ ನನ್ನ ಗೆಳೆಯನಿಗೂ ಒಂದೇ ವಯಸ್ಸು. ನಡುವೆ ಇದ್ದುದು ನೂರಕ್ಕೂ ಹೆಚ್ಚು ವರ್ಷ, ಮತ್ತು ಒಂದು ಗುಟ್ಟು.

ಆ ಹದಿನಾಲ್ಕು ಸೂಜಿಗಳ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಹೊತ್ತಿಗೇ ಕೈಬಿಟ್ಟಾಯಿತು. ಈಗಿನದು ತೋಳಿಗೆ ಹಾಕುವ ಲಸಿಕೆ. ಮಾಂಸಖಂಡಕ್ಕೆ ಕೊಡುವುದಾದರೆ ಮೊದಲ ದಿನ, ಅಲ್ಲಿಂದ ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟನೆಯ ದಿನಗಳಲ್ಲಿ. ರಕ್ತ ಬರುವಂತೆ ಗಾಯವಾಗಿದ್ದರೆ ಗಾಯದ ಸುತ್ತಲೂ ಬೇರೊಂದು ಔಷಧವನ್ನೂ ಚುಚ್ಚುತ್ತಾರೆ. ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಆದರೆ ಮೊದಲ ಚಿಕಿತ್ಸೆ ನಮ್ಮ ಮನೆಯ ನಲ್ಲಿಯಲ್ಲಿದೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಗಾಯವನ್ನು ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಅರಿಸಿನ, ಸೊಪ್ಪಿನ ರಸ ಯಾವುದೂ ಬೇಡ. ತೊಳೆದ ಕೂಡಲೇ ಆಸ್ಪತ್ರೆಗೆ. ಸಾಕಿದ ನಾಯಿಯಲ್ಲವೇ, ಮರಿಯಲ್ಲವೇ, ಹತ್ತು ದಿನ ನೋಡೋಣವೆಂದು ಕಾಯುವುದು ಸಲ್ಲ. ಸೂಜಿ ಆರಂಭವಾಗಲಿ, ನಾಯಿಯನ್ನು ಆಮೇಲೆ ನೋಡೋಣ.

ಮೊನ್ನೆ ರಾತ್ರಿ ಊಟವಾದ ಮೇಲೆ ಇದನ್ನೆಲ್ಲ ಎಂಟು ವರ್ಷದ ನನ್ನ ಮಗಳಿಗೆ ತಿಳಿಯುವಂತೆ ಹೇಳಿ, “ನಾಯಿ ಕಚ್ಚಲಿ, ಪರಚಲಿ, ಆ ಕ್ಷಣವೇ ಬಂದು ಹೇಳು. ಯಾರೂ ನಿನ್ನನ್ನು ಬೈಯುವುದಿಲ್ಲ,” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನಿಜವಾಗ್ಲೂ ಬೈಯಲ್ವಾ ಅಪ್ಪ?”

“ಇಲ್ಲಮ್ಮ.”

ಅವಳು ಮೆಲ್ಲನೆ ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಲ್ಲಿ ಎರಡು ಸಣ್ಣ ಗೀರುಗಳು. ಮರಳಿನ ರಾಶಿಯ ಹಿಂದಿನ ಮರಿಗೆ ಹಿಂದಿನ ದಿನ ಬಿಸ್ಕತ್ತು ಕೊಡಲು ಹೋಗಿದ್ದಳಂತೆ.

ನಾಲಿಗೆಯ ತುದಿಗೆ ಬಂದ ಗದರಿಕೆಯನ್ನು ನುಂಗಿಕೊಳ್ಳುವುದು, ನಾಯಿಯೆದುರು ಅಲುಗದೆ ನಿಲ್ಲುವುದಕ್ಕಿಂತ ಕಷ್ಟವೆಂಬುದು ಆಗ ತಿಳಿಯಿತು. ಆದರೂ ನುಂಗಿದೆ. ನಲ್ಲಿಯ ಕೆಳಗೆ ಅವಳ ಕೈ ಹಿಡಿದು, ಗಡಿಯಾರ ನೋಡುತ್ತ ತೊಳೆದೆ. ರಾತ್ರಿಯೇ ಸರಕಾರಿ ಆಸ್ಪತ್ರೆಗೆ ಹೋಗಿ ಮೊದಲನೆಯ ಸೂಜಿ ಹಾಕಿಸಿ ಬಂದೆವು. ನಾಳೆ ಎರಡನೆಯದು. ದಾರಿಯುದ್ದಕ್ಕೂ ಅವಳು ಕೇಳಿದುದು ಒಂದೇ ಪ್ರಶ್ನೆ: “ಆ ಮರಿಗೂ ಸೂಜಿ ಹಾಕಿಸ್ತಾರಾ?”

ಹಾಕಿಸಬೇಕಮ್ಮ, ಎಂದೆ. ಬೀದಿಯ ನಾಯಿಗಳಿಗೆ ಲಸಿಕೆ ಹಾಕಿಸದ ಊರಿನಲ್ಲಿ ಮಕ್ಕಳಿಗೆ ಮಾತ್ರ ಹಾಕಿಸುತ್ತ ಹೋದರೆ ಮುಗಿಯುವುದೆಂದು?

ಓದುಗ ಬಂಧುಗಳೇ, ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮಕ್ಕಳಿಗೂ ಆ ಮಾತು ಕೊಡಿರಿ. ಕೊಟ್ಟ ಮೇಲೆ ಉಳಿಸಿಕೊಳ್ಳಿರಿ.