ಕೆಲಸಾ ಬಿಟ್ಟಾಕಿ ಬೆನ್ನಿಗೆ ಫೋನು

ಕೆಲಸದಾಕಿ ಬಿಟ್ಟು ಹೋದಳು ಅಂದ್ರ ನಮ್ಮ ಕಡೆ ಕೆಲವು ಮನಿಯವರು ಮೊದಲು ಮಾಡೋ ಕೆಲಸ ಭಾಂಡೆ ತಿಕ್ಕೋದಲ್ಲ, ಫೋನ್ ಹಚ್ಚೋದು. “ವೈನಿ, ನಿಮ್ಮಲ್ಲೆ ಬರತಾಳಂತಲ್ಲ? ಆಕಿ ಕೈ ಶುದ್ಧ ಇಲ್ಲ ನೋಡ್ರಿ.” ಎರಡು ವರ್ಷ ಅಡಿಗಿಮನಿ ತುಂಬ ಓಡಾಡಿದಾಕಿ ಕೈ, ಐನೂರು ರೂಪಾಯಿ ಹೆಚ್ಚಿಗೆ ಕೊಡೋ ಮನಿಗೆ ಹೊಂಟ ದಿನಾನ ಹೆಂಗ ಹೊಲಸಾತು?

ಇದಕ್ಕ ನಾ ಹರಟಿ ಅನ್ನಂಗಿಲ್ಲ. ಇದು ಒಬ್ಬಾಕಿ ಹೊಟ್ಟಿ ಮ್ಯಾಲೆ ಹೊಡಿಯೋದು. ಆಕಿ ಕಡೆ ಅನುಭವದ ಪತ್ರ ಇಲ್ಲ, ಸರ್ಟಿಫಿಕೇಟ್ ಇಲ್ಲ. ಇರೋದು ಹೆಸರೊಂದ. ಅದು ಹೋದ್ರ ಓಣಿಯ ಎಲ್ಲಾ ಬಾಗಿಲಾ ಹಾಕಿದಂಗ.

“ಇದ್ದದ್ದು ಹೇಳಿದ್ರ ತಪ್ಪೇನ್ರಿ?” ಅಂತ ಕೇಳ್ತಾರ. ಕಂಡದ್ದನ್ನ, ಕೇಳಿದವರಿಗೆ, ಅವರ ಒಳ್ಳೇದಕ್ಕಂತ ಹೇಳಿದ್ರ ಕಾಯ್ದೆ ಬ್ಯಾಡ ಅನ್ನಂಗಿಲ್ಲ. ಆದ್ರ ಸಿಟ್ಟಿಗೆ ಕಟ್ಟಿ ಹೇಳಿದ ಸುಳ್ಳು ಮಾನಹಾನಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ ಎರಡು ವರ್ಷದ ತನಕ ಸಜೆ, ಇಲ್ಲಾ ದಂಡ, ಇಲ್ಲಾ ಎರಡೂ. ಸಮುದಾಯ ಸೇವಾನೂ ಮಾಡಸಬಹುದು. ಬಾಯಿಮಾತಿಗೂ ಅದು ಅನ್ವಯಿಸ್ತದ. ಇನ್ನ ಅಪಾರ್ಟಮೆಂಟಿನ ವಾಟ್ಸಾಪ್ ಗ್ರೂಪಿನಾಗ ಹಾಕಿದ್ರ, ಸಾಕ್ಷಿ ನೀವ ಬರದು ಕೊಟ್ಟಂಗ! ಪಾಠ ಕಲಸತೀನಂತ ಕಳವಿನ ಸುಳ್ಳು ಕಂಪ್ಲೇಂಟ್ ಕೊಟ್ರ ಅದು ಬ್ಯಾರೇನ ಅಪರಾಧ.

“ನಾವ ಕೆಲಸಾ ಕಲಿಸಿದ್ವಿ, ಉಪಕಾರ ಮರತಳು” ಅನ್ನೋದು ಇನ್ನೊಂದು ರಾಗ. ಕೊಟ್ಟದ್ದು ಉಪಕಾರ ಅಲ್ರಿ, ಪಗಾರ. ಮನಿಗೆಲಸಕ್ಕ ಕನಿಷ್ಠ ವೇತನ ಅಂತ ಕರ್ನಾಟಕ ಸರ್ಕಾರ 2004ರಾಗನ ಗೊತ್ತು ಮಾಡೇದ. ಕೆಲಸಾ ಬಿಟ್ಟ ಮ್ಯಾಲೆ ಬ್ಯಾರೆ ಕಡೆ ದುಡಿಬಾರದು ಅಂತ ದೊಡ್ಡ ಕಂಪನಿಯವರು ಸಹಿ ಮಾಡಿಸಿಕೊಂಡ್ರೂ, 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದ ಅದು ನಿಲ್ಲಂಗಿಲ್ಲ. ಸಹೀನೂ ಇಲ್ಲದ ನಮಗ ಆಕೀನ್ನ ತಡಿಯೋ ಹಕ್ಕು ಎಲ್ಲಿಂದ ಬಂತು?

ಆಕಿ ಕೋರ್ಟಿಗೆ ಹೋಗೂದು ಕಡಿಮಿ, ಖರೆ. ನಾಲ್ಕು ಮನಿ ಭಾಂಡೆ ಬಿಟ್ಟು ವಕೀಲರ ಮನಿಗೆ ಯಾವಾಗ ಹೋಗಬೇಕು? ಆ ಧೈರ್ಯದ ಮ್ಯಾಲೇನ ಇಂಥಾ ಫೋನು ನಡೀತಾವ. ಆದ್ರ ನಳದ ಕಟ್ಟಿಗೂ ಬಾಯಿ ಅದ. “ಆ ಮನಿಗೆ ಹೋಗಬ್ಯಾಡವಾ, ಬಿಟ್ರ ಕಳ್ಳಿ ಮಾಡತಾರ” ಅನ್ನೋ ಮಾತು ಒಂದು ಸಲ ಹಬ್ಬಿತಂದ್ರ ಆ ಮನಿಗೆ ಯಾರೂ ಬರಂಗಿಲ್ಲ. ಆಮ್ಯಾಲೆ “ಈಗಿನ ಕಾಲದಾಗ ಮಂದೀನ ಸಿಗಂಗಿಲ್ಲ” ಅಂತ ಗೊಣಗಿದ್ರ ಏನು ಬಂತು?

ಬಿಟ್ಟು ಹೋಗಾಕಿಗೆ ಬಾಕಿ ಪಗಾರ ಎಣಿಸಿ ಕೊಡ್ರಿ. ಯಾರರೆ ಕೇಳಿದ್ರ ಕಂಡಷ್ಟ ಹೇಳ್ರಿ. ಕೇಳದಿದ್ರ ಫೋನ್ ಮುಟ್ಟಬ್ಯಾಡ್ರಿ.