ಒತ್ತಿಲ್ಲದ ಹಕ್ಕು

ಕಳೆದ ತಿಂಗಳು ಗೋಕುಲ ರಸ್ತೆಯ ಒಂದು ಡಿಟಿಪಿ ಅಂಗಡಿಗೆ ಪಾಠದ ಹಾಳೆಯೊಂದನ್ನು ಕೊಟ್ಟುಬಂದೆ. ನಾವು ನಾಲ್ವರು ನಿವೃತ್ತರು ಅರಬ್ಬಿ ಕಲಿಯತೊಡಗಿದ್ದೇವೆ. ಕಚೇರಿಯಲ್ಲಿ ಜನ್ಮವಿಡೀ ಬಳಸಿದ ವಕೀಲ, ತಾರೀಖು, ಹಕ್ಕು ಮೊದಲಾದ ಮಾತುಗಳ ತವರನ್ನು ಕಾಣುವ ಆಸೆ. ಹಾಳೆ ಅಚ್ಚಾಗಿ ಬಂತು. ಅಕ್ಷರಗಳಿದ್ದವು, ಸ್ವರಚಿಹ್ನೆ ಒಂದೂ ಇರಲಿಲ್ಲ. ಕೇಳಿದರೆ, “ಅವೆಲ್ಲಾ ಯಾಕ ಬೇಕ್ರೀ ಅಜ್ಜಾರ? ಬಲ್ಲವ್ರು ಹಾಂಗ ಓದತಾರ” ಎಂಬ ಉತ್ತರ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಾಡಿದ್ದು ಪಂಡಿತರ ಮಾತೇ. ಚಿಹ್ನೆ ಮಕ್ಕಳಿಗೆ, ದೊಡ್ಡವರು ಅರ್ಥ ಹಿಡಿದು ಓದಬೇಕು ಎನ್ನುತ್ತಾರೆ ಅವರು. ಸರಿಯೇ, ಅರ್ಥ ತಿಳಿಯಲೆಂದೇ ಓದಹೊರಟವನು ಅರ್ಥವನ್ನು ಎಲ್ಲಿಂದ ತರಬೇಕು?

ಕ, ತ, ಬ ಎಂಬ ಮೂರು ವ್ಯಂಜನಗಳನ್ನಷ್ಟೇ ಬರೆದಿಡಿ. ‘ಕತಬ’ ಎಂದರೆ ಬರೆದನು. ‘ಕುತಿಬ’ ಎಂದರೆ ಬರೆಯಲ್ಪಟ್ಟಿತು. ‘ಕುತುಬ್’ ಎಂದರೆ ಪುಸ್ತಕಗಳು. ಇವನ್ನು ಬೇರ್ಪಡಿಸುವವು ಅಕ್ಷರದ ಮೇಲೆ ಕೆಳಗೆ ಹಾಕುವ ಪುಟ್ಟ ಗುರುತುಗಳು: ಅಕಾರಕ್ಕೆ ಫತ್ಹಾ, ಇಕಾರಕ್ಕೆ ಕಸ್ರಾ, ಉಕಾರಕ್ಕೆ ದಮ್ಮಾ. ನಮ್ಮ ಕಡೆಯ ಉರ್ದು ಬಲ್ಲವರು ಜಬರ್, ಜೇರ್, ಪೇಶ್ ಎನ್ನುವುದು ಇವನ್ನೇ. ಕಾಗುಣಿತ ತಿದ್ದಿದ ಕನ್ನಡಿಗನಿಗೆ ಇದೇನು ಹೊಸದೇ?

ಅರಬ್ಬಿ ಪತ್ರಿಕೆಗಳು ಚಿಹ್ನೆಗಳನ್ನು ಸಾಮಾನ್ಯವಾಗಿ ಬಿಡುತ್ತವೆ, ನಿಜ. ಅದು ಆ ಮಾತಿನಲ್ಲೇ ಬೆಳೆದವರ ಅನುಕೂಲ. ಏಳನೆಯ ಶತಮಾನದಲ್ಲಿ ಬಸ್ರಾದ ಅಬುಲ್ ಅಸ್ವದ್ ಬಣ್ಣದ ಚುಕ್ಕೆಗಳಿಂದ ಸ್ವರ ಗುರುತಿಸಿದನೆಂದೂ, ಎಂಟನೆಯ ಶತಮಾನದಲ್ಲಿ ಖಲೀಲನು ಇಂದಿನ ರೂಪ ಕೊಟ್ಟನೆಂದೂ ಪರಂಪರೆ ಹೇಳುತ್ತದೆ. ಪರಭಾಷಿಕರು ಬಂದು ಕೂಡಿದಂತೆ ತಪ್ಪು ಓದು ಹೆಚ್ಚಿತೆಂಬುದೇ ಅದಕ್ಕೆ ಹೇಳುವ ಕಾರಣ. ಅಂದರೆ ಚಿಹ್ನೆ ಹುಟ್ಟಿದ್ದೇ ನಮ್ಮಂಥವರಿಗಾಗಿ!

ನಮ್ಮ ಓಲೆಗರಿಗಳಲ್ಲೂ ಎ-ಏ, ಒ-ಓ ಭೇದವನ್ನು ಬರೆದು ತೋರುತ್ತಿರಲಿಲ್ಲ. ಬೆಳೆಯೋ ಬೇಳೆಯೋ, ಸಂದರ್ಭ ನೋಡಿ ತಿಳಿಯಬೇಕಿತ್ತು. ದೀರ್ಘದ ಗುರುತು ಬಂದುದರಿಂದ ಕನ್ನಡ ಎಳೆಮಕ್ಕಳ ಭಾಷೆಯಾಯಿತೆಂದು ಯಾರಾದರೂ ಅತ್ತರೆ?

ಬೆರಳಚ್ಚು ಕಷ್ಟವೆಂಬ ನೆಪವೂ ನಿಲ್ಲದು. ಮೊಮ್ಮಗಳ ಕಂಪ್ಯೂಟರಿನಲ್ಲಿ ನಾನೇ ಒತ್ತಿ ನೋಡಿದೆ. ವಿಂಡೋಸ್‌ನ ಅರಬ್ಬಿ ಕೀಲಿಮಣೆಯಲ್ಲಿ ಮೊದಲು ವ್ಯಂಜನ. ಬಳಿಕ ಶಿಫ್ಟ್ ಹಿಡಿದು ಇಂಗ್ಲಿಷಿನ ಕ್ಯೂ ಇರುವ ಕೀಲಿ ಒತ್ತಿದರೆ ಫತ್ಹಾ, ಎ ಒತ್ತಿದರೆ ಕಸ್ರಾ, ಇ ಒತ್ತಿದರೆ ದಮ್ಮಾ. ನನ್ನ ಮುದಿ ಬೆರಳುಗಳೇ ಅರ್ಧ ದಿನದಲ್ಲಿ ಕಲಿತವು.

ಪ್ರತಿ ಸಾಲಿಗೂ ಚಿಹ್ನೆ ಬೇಕೆಂದು ನನ್ನ ಹಟವಲ್ಲ. ಪಾಠದ ಹಾಳೆಯಲ್ಲಿ, ಹೊಸ ಶಬ್ದದ ಮೇಲೆ ಬೇಕು. ‘ಹಕ್ಕು’ ಎಂಬುದನ್ನೇ ನೋಡಿ. ಅರಬ್ಬಿಯಲ್ಲಿ ಅದಕ್ಕೆ ಎರಡೇ ಅಕ್ಷರ. ಒತ್ತು ತೋರಿಸುವುದು ಮೇಲಿನ ಶದ್ದಾ. ನನ್ನ ಹಾಳೆಯಲ್ಲಿ ಅದೂ ಇರಲಿಲ್ಲ. ಕೀಲಿಗಳ ಪಟ್ಟಿಯೊಡನೆ ಹಾಳೆಯನ್ನು ಅಂಗಡಿಗೆ ಮರಳಿಸಿದ್ದೇನೆ. ಹಕ್ಕಿಗೆ ಒತ್ತು ಬರುವವರೆಗೆ ಹಣ ಕೊಡುವವನಲ್ಲ.