ಫ್ಯಾನಿಗೆ ಸ್ಟಾರ್ ಇದೆ, ರಿಪೇರಿಗೆ ದಾರಿ ಎಲ್ಲಿ?

ಹಳೇ ಸೀಲಿಂಗ್ ಫ್ಯಾನ್ ನಿಧಾನವಾದರೆ ಬಹುತೇಕ ಸಲ ಕೈಕೊಟ್ಟಿರುವುದು ಕೆಪಾಸಿಟರ್. ನೂರು ರೂಪಾಯಿಯೊಳಗಿನ ಸಾಮಾನು. ಬೀದಿ ತುದಿಯ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಹಾಕಿಕೊಡ್ತಾರೆ. ಹೊಸ ಬಿಎಲ್‌ಡಿಸಿ ಫ್ಯಾನಿನ ಕತೆ ಬೇರೆ. ಅದು ತಿರುಗೋದೇ ಒಂದು ಎಲೆಕ್ಟ್ರಾನಿಕ್ ಬೋರ್ಡಿನಿಂದ. ಒಂದು ಕಂಪನಿಯ ಬೋರ್ಡು ಇನ್ನೊಂದರ ಫ್ಯಾನಿಗೆ ಸಾಮಾನ್ಯವಾಗಿ ಕೂರಲ್ಲ. ವಾರಂಟಿ ಮುಗಿದ ಮೇಲೆ ನಮ್ಮ ಮನೆಯ ಫ್ಯಾನ್ ನಿಂತಾಗ ಬೋರ್ಡಿಗೆ ಕೇಳಿದ್ದು 1,400 ರೂಪಾಯಿ.

ಲೆಕ್ಕ ಹಾಕೋಣ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಇದು 30. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 96 ರೂಪಾಯಿ. ಅಂದರೆ ಒಂದೇ ಬೋರ್ಡು ಹದಿನಾಲ್ಕು ತಿಂಗಳ ಉಳಿತಾಯ ನುಂಗಿ ಹಾಕುತ್ತೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಗಳಲ್ಲಂತೂ ಉಳಿತಾಯ ಸರ್ಕಾರದ್ದು, ಬೋರ್ಡಿನ ಖರ್ಚು ಮಾತ್ರ ಮನೆಯವರದ್ದು.

ಹಾಗಂತ ತಂತ್ರಜ್ಞಾನ ಕೆಟ್ಟದ್ದಲ್ಲ. ಸಮಸ್ಯೆ ಇರೋದು ಬಿಡಿಭಾಗದಲ್ಲಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ. ಕರೆಂಟ್ ಎಷ್ಟು ಉಳಿಯುತ್ತೆ ಅನ್ನೋದನ್ನ ಅದು ಹೇಳುತ್ತೆ. ಬೋರ್ಡು ಎಷ್ಟು ವರ್ಷ ಸಿಗುತ್ತೆ, ಎಷ್ಟಕ್ಕೆ ಸಿಗುತ್ತೆ ಅನ್ನೋದನ್ನ ಹೇಳಲ್ಲ. ಫ್ರಾನ್ಸ್ 2021ರಲ್ಲೇ ಟಿವಿ, ವಾಷಿಂಗ್ ಮೆಷಿನ್, ಮೊಬೈಲ್‌ಗಳಿಗೆ ಹತ್ತಕ್ಕೆ ಇಷ್ಟು ಅಂತ ರಿಪೇರಿ ಅಂಕ ಕೊಡೋದನ್ನ ಶುರು ಮಾಡಿತು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಆದರೆ ಅಂಗಡಿಯಲ್ಲಿ ನಿಂತು ಫ್ಯಾನ್ ಆರಿಸುವವರು ನೋಡೋದು ಡಬ್ಬವನ್ನ, ಪೋರ್ಟಲ್ಲನ್ನಲ್ಲ. ಸ್ಟಾರ್ ಪಕ್ಕದಲ್ಲೇ ಬೋರ್ಡಿನ ಬೆಲೆ, ಅದು ಸಿಗುವ ವರ್ಷಗಳನ್ನ ಅಚ್ಚು ಹಾಕಿಸಲಿ. ಯಾವುದು ಅಗ್ಗ ಅನ್ನೋದನ್ನ ಜನ ತಾವೇ ಲೆಕ್ಕ ಹಾಕ್ತಾರೆ.